ಮಗ ನೈರೋಬಿಗೆ ಹೊರಟಿದ್ದಾನೆ

ಪ್ರಶ್ನೆ: ಮಗ ಮಿಷನರಿ ತರಬೇತಿಗೆ ಒಂದು ವರ್ಷ ಕೆನ್ಯಾದ ನೈರೋಬಿಗೆ ಹೋಗುತ್ತಿದ್ದಾನೆ. ಏನು ಸಿದ್ಧತೆ ಬೇಕು? ಕಂಬಳಿ, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎಲ್ಲಕ್ಕಿಂತ ಮೊದಲು ಹಳದಿ ಜ್ವರದ ಲಸಿಕೆ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿ; ಪ್ರಮಾಣಪತ್ರ ಊರ್ಜಿತವಾಗುವುದು 10 ದಿನದ ನಂತರ. ಅದಿಲ್ಲದೆ ಮರಳಿದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಕಂಬಳಿ ಬೇಡ. ನೈರೋಬಿ ಆಗುಂಬೆಯ ಎರಡು ಪಟ್ಟಿಗೂ ಹೆಚ್ಚು ಎತ್ತರದಲ್ಲಿದೆ, ಜೂನ್‌–ಜುಲೈನಲ್ಲಿ ಚಳಿ. ಆದರೂ ನಮ್ಮ ಮಳೆಗಾಲದ ಸ್ವೆಟರ್ ಸಾಕು.

ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದ್ರವಕ್ಕೆ 100 ಮಿಲಿ ಮಿತಿ. ದೊಡ್ಡ ಬ್ಯಾಗಿನಲ್ಲಿಡಿ. ಬಾಟಲಿ ಕಂಠಮಟ್ಟ ತುಂಬಿದರೆ ರಸ ಉಕ್ಕುತ್ತದೆ, ಎರಡು ಬೆರಳು ಜಾಗ ಬಿಡಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಅಲ್ಲಿ 2017ರಿಂದ ನಿಷಿದ್ಧ, ಬಟ್ಟೆಯಲ್ಲೇ ಸುತ್ತಿ.

ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ಅಡಾಪ್ಟರ್ ಬೇಕು. ಹಿರಿಯರಿಗೆ ‘ಶಿಕಮೋ’ (ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಗೌರವದ ನಮಸ್ಕಾರ) ಎನ್ನಲು ಈಗಲೇ ಕಲಿಸಿ. ಅವರ ಮರುನುಡಿ ‘ಮರಹಾಬಾ’.