ರಾಯಚೂರಿನಲ್ಲಿ ಕುಡಿತ ಬಿಡುವವರ ಮೀಟಿಂಗ್ ಹುಡುಕುವುದು ಹೇಗೆ? ಒಬ್ಬನೇ ಹೋಗಲು ಮುಜುಗರ
ಮೊದಲು 14446ಕ್ಕೆ ಫೋನ್ ಮಾಡಿ, ಚಟ ಬಿಡಿಸಲೆಂದೇ ಇರುವ ಸಹಾಯವಾಣಿ, ದುಡ್ಡಿಲ್ಲ. ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ವಿಚಾರಿಸಿ, ಹತ್ತಿರದಲ್ಲಿ ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪು ಯಾವ ವಾರ ಎಲ್ಲಿ ಸೇರುತ್ತದೆ ಎಂದು. ಗುರುತಿನವರು ನೋಡಿಬಿಟ್ಟರೆ ಎಂಬ ಭಯವಿದ್ದರೆ ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಆದರೆ ನೋಡಿದವರೂ ಅದಕ್ಕೇ ಬಂದಿರುತ್ತಾರೆ, ಅಲ್ವಾ? ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡಬೇಕೆಂಬ ಮನಸ್ಸಿದ್ದರೆ ಸಾಕು. ಮೊದಲ ದಿನ ಸುಮ್ನೆ ಹಿಂದೆ ಕೂತು ಕೇಳಿ. ಮನೆಯವರು ಜೊತೆಗೆ ಬರುವುದಾದರೆ ಓಪನ್ ಮೀಟಿಂಗ್‌ಗೆ ಹೋಗಿ, ಕ್ಲೋಸ್ಡ್ ಇರುವುದು ಕುಡಿತದ ತೊಂದರೆ ಇರುವವರಿಗೆ ಮಾತ್ರ. ಇನ್ನೊಂದು, ದಿನಾ ಜಾಸ್ತಿ ಕುಡಿಯುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರಿಗೆ ತೋರಿಸಿಕೊಂಡೇ ಬಿಡಿ.