ಅರಿಶಿನ ದಾರದಲ್ಲಿ ಹೊಲಿದ ಪುಸ್ತಿಕೆ

ಪ್ರಶ್ನೆ: ಅಕ್ಕಾ, ಫೆಬ್ರವರಿಯಲ್ಲಿ ನನ್ನ ತಂಗಿಯ ಮದುವೆ, ನಮ್ಮೂರಿನ ಛತ್ರದಲ್ಲೇ. ಲಗ್ನಪತ್ರಿಕೆ ಅಚ್ಚಾಗಿದೆ. ಅದರ ಜೊತೆಗೆ, ಯಾವ ಶಾಸ್ತ್ರ ಯಾವಾಗ, ಅದು ಯಾಕೆ ಅಂತ ಹೇಳುವ ಸಣ್ಣ ಪುಸ್ತಿಕೆಯೊಂದನ್ನು ನಾನೇ ಕೈಯಿಂದ ಮಾಡಿ ಬಂದವರಿಗೆ ಕೊಡಬೇಕು ಅಂತ ಆಸೆ. ಸುಮಾರು 400 ಜನ ಬರುತ್ತಾರೆ. ಹುಡುಗನ ಆಫೀಸಿನ ಗೆಳೆಯರಿಗೆ ಕನ್ನಡ ಬರುವುದಿಲ್ಲ. ನನ್ನ ಕೈಯಲ್ಲಿರುವುದು 2,000 ರೂಪಾಯಿ. ಅಂಗಡಿಯಲ್ಲಿ ಕೇಳಿದರೆ ಅಷ್ಟಕ್ಕೆ ಆಗಲ್ಲ ಅಂದರು. ಮನೆಯಲ್ಲಿ ಆಗುತ್ತಾ?
— ಒಬ್ಬ ಓದುಗಿ, ತಿಪಟೂರು

ಉತ್ತರ: ಆಗುತ್ತೆ ತಂಗಿ. ದುಡ್ಡು ಉಳಿಯುತ್ತೆ ಕೂಡ. ಆದರೆ ಮೊದಲು 400 ಅನ್ನುವ ಸಂಖ್ಯೆಯನ್ನು ಮರೆತುಬಿಡಿ. ಪುಸ್ತಿಕೆ ತಲೆಗೊಂದು ಬೇಡ, ಮನೆಗೊಂದು ಸಾಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಕ್ಕಪಕ್ಕದಲ್ಲೇ ಕೂತಿರುತ್ತಾರೆ, ಅಲ್ವಾ? 150 ಮಾಡಿ. 150 ಆದರೆ ಒಂದೊಂದನ್ನೂ ಪ್ರೀತಿಯಿಂದ ಮಾಡಬಹುದು. 400 ಮಾಡಲು ಹೊರಟರೆ ಇನ್ನೂರನೆಯದಕ್ಕೇ ಕೈ ಸೋತು, ಕೊನೆಯವು ಸೊಟ್ಟಗಾಗುತ್ತವೆ.

ನಾನು ಶಿವಮೊಗ್ಗದ ಒಂದು ಅಚ್ಚುಕೂಟದಲ್ಲಿ 19 ವರ್ಷ ಬೈಂಡಿಂಗ್ ಕೆಲಸ ಮಾಡಿದವಳು. ಪುಸ್ತಕ ಹೊಲಿಯುವುದು, ರಟ್ಟು ಕಟ್ಟುವುದು, ರಸೀದಿ ಬುಕ್ಕಿಗೆ ತೂತು ಹಾಕುವುದು, ಇದರಲ್ಲೇ ದಿನ ಕಳೆದಿದ್ದೇನೆ. ಹಾಗಾಗಿ ಅಲಂಕಾರಕ್ಕೆ ಮುಂಚೆ ಕಾಗದದ ಮಾತು ಆಡುತ್ತೇನೆ. ಕಾಗದ ಚೆನ್ನಾಗಿದ್ದರೆ ಮುಕ್ಕಾಲು ಕೆಲಸ ಆದಂತೆ. ಮಣಿ, ಲೇಸು, ಮಿಂಚಿನ ಪುಡಿ ಯಾವುದೂ ಬೇಡ. ಮಿಂಚಿನ ಪುಡಿಯಂತೂ ಜನರ ರೇಷ್ಮೆ ಸೀರೆಗೆ ಅಂಟುತ್ತೆ.

ಅಳತೆ ಹೀಗಿರಲಿ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿದರೆ 21 ಸೆಂ.ಮೀ. ಅಗಲ, 14.8 ಸೆಂ.ಮೀ. ಎತ್ತರದ ಎರಡು ತುಂಡು ಬರುತ್ತವೆ. ಒಂದೊಂದನ್ನೂ ನಡುವೆ ಮಡಿಸಿದರೆ ಅಂಗೈಯಲ್ಲಿ ಕೂರುವ ನಾಲ್ಕು ಪುಟದ ಪುಸ್ತಿಕೆ ಆಯಿತು. ಅಂದರೆ 150 ಪುಸ್ತಿಕೆಗೆ ಎ4 ಹಾಳೆ 75. ಹಾಳಾಗುವುದಕ್ಕೆ 5 ಸೇರಿಸಿ 80 ತನ್ನಿ. ಮಾಮೂಲಿ ಜೆರಾಕ್ಸ್ ಹಾಳೆ 70-75 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರುತ್ತೆ, ಹಿಂದಿನ ಅಕ್ಷರ ಮುಂದೆ ಕಾಣುತ್ತೆ. 100 ಜಿಎಸ್ಎಂ ಕೇಳಿ, ಕೆನೆ ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಹೊರಗಿನ ಹೊದಿಕೆಗೆ ಕೈಕಾಗದ, ಅಂದರೆ ಕೈಯಿಂದ ತಯಾರಿಸಿದ ಕಾಗದ. 22×30 ಇಂಚಿನ ಒಂದು ದೊಡ್ಡ ಹಾಳೆಯಲ್ಲಿ ನಮ್ಮ ಅಳತೆಯ 10 ಹೊದಿಕೆ ಬರುತ್ತವೆ: ಹಾಳೆಯ ಉದ್ದಕ್ಕೆ 14.8 ಸೆಂ.ಮೀ.ನ ಐದು, ಅಗಲಕ್ಕೆ 21 ಸೆಂ.ಮೀ.ನ ಎರಡು. ಇದನ್ನೇ ತಿರುಗಿಸಿ ಕತ್ತರಿಸಿದರೆ ಒಂಬತ್ತೇ ಬರುತ್ತೆ, ಜಾಗ್ರತೆ. 16 ಹಾಳೆ ಸಾಕು. ಪಕ್ಕದಲ್ಲಿ ಸುಮಾರು 14 ಸೆಂ.ಮೀ. ಅಗಲದ ಪಟ್ಟಿ ಉಳಿಯುತ್ತೆ. ಎಸೆಯಬೇಡಿ, ತಾಂಬೂಲದ ಚೀಲಕ್ಕೆ ಕಟ್ಟುವ ಚೀಟಿಗೆ ಆಗುತ್ತೆ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಸುಲ್ತಾನಪೇಟೆಯಲ್ಲಿ ತರಿಸಿ. ಆ ಬೀದಿಗಳಲ್ಲಿ ಲಗ್ನಪತ್ರಿಕೆ, ಕಾಗದ ಬಿಟ್ಟರೆ ಬೇರೆ ವ್ಯಾಪಾರವೇ ಕಡಿಮೆ. ಹಾಳೆಯನ್ನು ಸುತ್ತಿ ತರಲಿ, ಮಡಿಸಿ ತರಬಾರದು.

ಈಗ ಒಳಗೆ ಏನು ಬರೆಯಬೇಕು ಅನ್ನುವುದು. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ.

ನನ್ನ ಮಗಳ ಮದುವೆಯಲ್ಲಿ ನಮ್ಮ ಸೋದರತ್ತೆ ಆರನೇ ಸಾಲಿನಲ್ಲಿ ಕೂತಿದ್ದರು. ಎಂಬತ್ತು ದಾಟಿದ ಜೀವ. ಕಿವಿ ಸ್ವಲ್ಪ ಮಂದ. ಮಂಟಪದ ಮುಂದೆ ಫೋಟೋದವರು, ವಿಡಿಯೋದವರು ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಏನೂ ಕಾಣುವುದಿಲ್ಲ, ಓಲಗದ ಸದ್ದಿನಲ್ಲಿ ಪುರೋಹಿತರ ಮಾತೂ ಕೇಳುವುದಿಲ್ಲ. ಅತ್ತೆ ಮಾತ್ರ ಪುಸ್ತಿಕೆಯನ್ನು ಮೊಣಕಾಲ ಮೇಲೆ ಬಿಚ್ಚಿಟ್ಟುಕೊಂಡು, ಬೆರಳನ್ನು ಸಾಲಿನ ಮೇಲೆ ಇಟ್ಟಿದ್ದರು. ಹೊಗೆ ಎದ್ದಿದ್ದು ಕಂಡಿತು. ಬೆರಳು ಒಂದು ಸಾಲು ಕೆಳಗೆ ಇಳಿಯಿತು. 'ಲಾಜಹೋಮ ಶುರುವಾಯ್ತು, ಅಣ್ಣ ಅರಳು ಹಾಕ್ತಾ ಇದ್ದಾನೆ' ಅಂತ ಪಕ್ಕದ ಹುಡುಗಿಗೆ ಹೇಳಿದರು. ಅವತ್ತು ನನಗೆ ಕಣ್ಣು ತುಂಬಿ ಬಂತು. ಆರನೇ ಸಾಲಿನಲ್ಲಿ ಕೂತವರಿಗಾಗಿ ನೀವು ಇದನ್ನು ಮಾಡುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಆಗ ಏನು ಬರೆಯಬೇಕು, ಏನು ಬಿಡಬೇಕು ಅನ್ನುವುದು ತಾನೇ ಗೊತ್ತಾಗುತ್ತೆ.

ನಿಮ್ಮ ಮನೆಯ ಪುರೋಹಿತರ ಹತ್ತಿರ ಅರ್ಧ ಗಂಟೆ ಕೂತು ಪಟ್ಟಿ ಮಾಡಿಕೊಳ್ಳಿ. ಜಾತಿಗೊಂದು, ಊರಿಗೊಂದು ಕ್ರಮ ಇರುತ್ತೆ. ಬೇರೆಯವರ ಪುಸ್ತಿಕೆ ನೋಡಿ ಬರೆಯಬೇಡಿ. ಒಂದೊಂದು ಶಾಸ್ತ್ರಕ್ಕೆ ಎರಡು ಸಾಲು ಸಾಕು. ಉದಾಹರಣೆಗೆ ನಾವು ಬರೆದದ್ದು ಹೀಗಿತ್ತು: 'ಕಾಶಿಯಾತ್ರೆ: ಹುಡುಗ ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ. ಹುಡುಗಿಯ ಮನೆಯವರು ತಡೆದು, ನಮ್ಮ ಮಗಳನ್ನು ಮದುವೆಯಾಗಿ ಅಂತ ಕೇಳುತ್ತಾರೆ.' 'ಜೀರಿಗೆ ಬೆಲ್ಲ: ನಡುವಿನ ಅಂತರಪಟ ಸರಿದ ತಕ್ಷಣ ಇಬ್ಬರೂ ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ.' 'ಮಾಂಗಲ್ಯಧಾರಣೆ: ಗಟ್ಟಿಮೇಳ ಕೇಳಿದಾಗ ಅಕ್ಷತೆ ಹಾಕಿ.' ಈ ಕೊನೆಯ ಮಾತು ಮರೆಯಬೇಡಿ. ಅಕ್ಷತೆಯನ್ನು ಯಾವಾಗ ಹಾಕಬೇಕು ಅಂತ ಗೊತ್ತಿಲ್ಲದೆ ಎಷ್ಟೋ ಜನ ಅಂತರಪಟ ಸರಿದಾಗಲೇ ಕೈ ಖಾಲಿ ಮಾಡಿಕೊಂಡಿರುತ್ತಾರೆ. ಅರುಂಧತಿ ನಕ್ಷತ್ರ ತೋರಿಸುವ ಕಡೆ, ಅದು ಸಪ್ತರ್ಷಿ ಮಂಡಲದಲ್ಲಿ ವಸಿಷ್ಠ ನಕ್ಷತ್ರಕ್ಕೆ ಅಂಟಿಕೊಂಡಂತೆ ಕಾಣುವ ಸಣ್ಣ ಚುಕ್ಕಿ ಅಂತ ಬರೆಯಿರಿ. ಮಕ್ಕಳು ರಾತ್ರಿ ಹುಡುಕುತ್ತಾರೆ.

ಮೊದಲ ಪುಟದಲ್ಲಿ ಹೆಸರು, ದಿನ. ಎರಡು ಮತ್ತು ಮೂರನೇ ಪುಟದಲ್ಲಿ ಶಾಸ್ತ್ರಗಳು. ನಾಲ್ಕನೇ ಪುಟದಲ್ಲಿ ಅದನ್ನೇ ಚುಟುಕಾಗಿ ಇಂಗ್ಲಿಷಿನಲ್ಲಿ ಹಾಕಿ, ಹುಡುಗನ ಗೆಳೆಯರಿಗೆ ಆಗುತ್ತೆ. ಮುಹೂರ್ತದ ಸಮಯ ಬಿಟ್ಟು ಬೇರೆ ಯಾವುದಕ್ಕೂ ಗಂಟೆ ನಮೂದಿಸಬೇಡಿ. ಮದುವೆ ಮನೆಯಲ್ಲಿ ಹತ್ತು ನಿಮಿಷ ಅತ್ತಿತ್ತ ಆಗೇ ಆಗುತ್ತೆ.

ಅಕ್ಷರ 12 ಪಾಯಿಂಟಿಗಿಂತ ಚಿಕ್ಕದಾಗಬಾರದು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತೆ, ಹಾಗಾಗಿ ಸಾಲಿನ ನಡುವೆ ಧಾರಾಳ ಜಾಗ ಬಿಡಿ. ಮನೆಯಲ್ಲಿ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಹಾಗೇ ಒಯ್ಯಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಪಿಡಿಎಫ್ ಮಾಡಿ ಒಯ್ಯಿರಿ. ಎ4 ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ, ಒಂದು ಮುಖದಲ್ಲಿ ಎಡಕ್ಕೆ 4ನೇ ಪುಟ, ಬಲಕ್ಕೆ 1ನೇ ಪುಟ. ಹಿಂದಿನ ಮುಖದಲ್ಲಿ ಎಡಕ್ಕೆ 2, ಬಲಕ್ಕೆ 3. ಮೇಲಿನ ಅರ್ಧದಲ್ಲಿ ಇದ್ದದ್ದೇ ಕೆಳಗಿನ ಅರ್ಧದಲ್ಲೂ ಇರಲಿ. ಎರಡೂ ಕಡೆ ಪ್ರಿಂಟ್ ಹಾಕುವಾಗ ಉದ್ದದ ಅಂಚಿನ ಮೇಲೆ ಹಾಳೆ ತಿರುಗಬೇಕು ಅಂತ ಹೇಳಿ. ಇಲ್ಲದಿದ್ದರೆ ಒಳಪುಟ ತಲೆಕೆಳಗಾಗುತ್ತೆ. ಮೊದಲು ಒಂದೇ ಹಾಳೆ ತೆಗೆಸಿ, ಅಲ್ಲೇ ಕತ್ತರಿಸಿ, ಮಡಿಸಿ ನೋಡಿ. ಆ ಒಂದು ಪ್ರತಿಯನ್ನು ಮನೆಗೆ ತಂದು ಎರಡೂ ಕಡೆಯ ಹಿರಿಯರಿಗೆ ಓದಿಸಿ. ಹಿರಿಯರ ಹೆಸರಿನಲ್ಲಿ ಒಂದು ಕೊಂಬು ತಪ್ಪಿದರೂ ನೋವಾಗುತ್ತೆ.

ಅಚ್ಚಾದ ಹಾಳೆಗಳನ್ನೂ ಕೈಕಾಗದವನ್ನೂ ಊರಿನ ಪ್ರೆಸ್ಸಿಗೆ ಒಯ್ದು ಕಟಿಂಗ್ ಮಷೀನಿನಲ್ಲಿ ಕತ್ತರಿಸಿಕೊಡಿ ಅಂತ ಕೇಳಿ. ನೂರು ರೂಪಾಯಿ ಹೋದರೂ ಪರವಾಗಿಲ್ಲ, ಕತ್ತರಿಯಲ್ಲಿ ಆ ನೇರ ಬರುವುದಿಲ್ಲ. ಮಡಿಸುವಾಗ ಸ್ಟೀಲ್ ಚಮಚದ ಬೆನ್ನಿನಿಂದ ಮಡಿಕೆಯನ್ನು ಒಂದೇ ಸಲ ಗಟ್ಟಿಯಾಗಿ ಎಳೆಯಿರಿ. ಮತ್ತೆ ಮತ್ತೆ ಉಜ್ಜಿದರೆ ಕಾಗದ ಹೊಳೆಯುತ್ತೆ.

ಹೊಲಿಗೆಗೆ ಬಿಳಿ ಹತ್ತಿ ದಾರ. ಒಂದು ಪುಸ್ತಿಕೆಗೆ 40 ಸೆಂ.ಮೀ. ಬೇಕು, ಒಟ್ಟು 60 ಮೀಟರ್. ಅರಿಶಿನ ಕದಡಿದ ಬಿಸಿನೀರಿನಲ್ಲಿ ದಾರ ಅದ್ದಿ, ಒಳಗೆ ನೆರಳಿನಲ್ಲೇ ಒಣಗಿಸಿ. ಇದು ಪೆಟ್ಟು ತಿಂದು ಕಲಿತದ್ದು. ನನ್ನ ತಮ್ಮನ ಮದುವೆಗೆ ಹೊದಿಕೆಗೇ ಅರಿಶಿನ ಬಳಿದು ಅಂಗಳದ ಬಿಸಿಲಿಗೆ ಹಾಕಿದ್ದೆ. ಬಣ್ಣ ಬಿಸಿಲಿಗೆ ತಡೆಯಲಿಲ್ಲ, ಮದುವೆಯ ಹೊತ್ತಿಗೆ ಪೇಲವ. ಅದೂ ಸಾಲದು ಅಂತ ಯಾರೋ ಸೋಪು ಹಚ್ಚಿದ ಕೈಯಲ್ಲಿ ಮುಟ್ಟಿದ್ದರು, ಅಲ್ಲೆಲ್ಲ ಕೆಂಪು ಬೆರಳಚ್ಚು. ಅರಿಶಿನಕ್ಕೆ ಸುಣ್ಣ, ಸೋಪು ತಾಗಿದರೆ ಕೆಂಪಾಗುತ್ತೆ ತಾನೇ. ದಾರಕ್ಕಷ್ಟೇ ಹಚ್ಚಿ, ಪೂರ್ತಿ ಒಣಗಿದ ಮೇಲೇ ಹೊಲಿಯಿರಿ.

ಮಡಿಕೆಯ ಮೇಲೆ ಮೂರು ತೂತು: ನಡುವೆ ಒಂದು, ಮೇಲೆ ಕೆಳಗೆ ಅಂಚಿನಿಂದ 3 ಸೆಂ.ಮೀ. ಬಿಟ್ಟು ಒಂದೊಂದು. ಹೊರಗಿನಿಂದ ನಡುವಿನ ತೂತಿಗೆ ಸೂಜಿ ಹಾಕಿ, ನಾಲ್ಕು ಬೆರಳು ದಾರ ಹೊರಗೇ ಬಿಡಿ. ಒಳಗಿನಿಂದ ಮೇಲಿನ ತೂತಿನಲ್ಲಿ ಹೊರಗೆ ಬನ್ನಿ. ಬೆನ್ನಿನ ಮೇಲೆ ಉದ್ದಕ್ಕೆ ಇಳಿದು ಕೆಳಗಿನ ತೂತಿನಲ್ಲಿ ಒಳಗೆ ಹೋಗಿ. ಮತ್ತೆ ನಡುವಿನ ತೂತಿನಲ್ಲಿ ಹೊರಗೆ. ಈಗ ದಾರದ ಎರಡು ತುದಿಗಳು ಬೆನ್ನಿನ ಉದ್ದ ದಾರದ ಆಚೆಗೊಂದು ಈಚೆಗೊಂದು ಇರಬೇಕು. ಅದರ ಮೇಲೆ ಗಂಟು ಹಾಕಿ. ಗಂಟು ಹೊರಗೇ ಕಾಣಲಿ, ಮದುವೆಯ ಪುಸ್ತಿಕೆಗೆ ಅದಕ್ಕಿಂತ ಒಡವೆ ಬೇಕೇ?

ಮುಖಪುಟಕ್ಕೆ ಬೆಂಡೆಕಾಯಿ ಅಚ್ಚು ಸಾಕು. ಬೆಂಡೆಕಾಯಿ ಅಡ್ಡ ಕತ್ತರಿಸಿ, ಲೋಳೆ ಆರಲು ಅರ್ಧ ಗಂಟೆ ಬಿಡಿ. ಕುಂಕುಮದ ಬಣ್ಣದ ಪೋಸ್ಟರ್ ಕಲರನ್ನು ತೆಳುವಾಗಿ ಸವರಿ ಒತ್ತಿದರೆ ಹೂವು ಬಂತು. ಒಂದೇ ಹೂವು ಒತ್ತಿ, ಜಾಸ್ತಿ ಬೇಡ.

ಲೆಕ್ಕ ಹೇಳುತ್ತೇನೆ, ನಮ್ಮೂರಿನ ದರದಲ್ಲಿ. ಕೈಕಾಗದ 16 ಹಾಳೆ, ಒಂದಕ್ಕೆ 40ರಂತೆ 640. ಒಳಹಾಳೆ 120. ಪ್ರಿಂಟ್ ಒಂದು ಮುಖಕ್ಕೆ 2 ರೂಪಾಯಿಯಂತೆ 320. ಕಟಿಂಗ್ 100, ದಾರ 60, ಬಣ್ಣ, ಬೆಂಡೆಕಾಯಿ ಎಲ್ಲ ಸೇರಿ 80. ಒಟ್ಟು 1,320. ಉಳಿದ 680ರಲ್ಲಿ ಹೊಲಿಯಲು ಬಂದ ಚಿಕ್ಕಮ್ಮ, ಅತ್ತಿಗೆಯರಿಗೆ ಕಾಫಿ, ಬೋಂಡ ಮಾಡಿ ಕೊಡಿ. ನಾಲ್ಕು ಜನ ಕೂತರೆ ಎರಡು ಸಂಜೆಯ ಕೆಲಸ.

ಪ್ರಶ್ನೆ: ನಾವು ಮಂತ್ರಮಾಂಗಲ್ಯ ಕ್ರಮದಲ್ಲಿ ಮದುವೆ ಆಗುತ್ತಿದ್ದೇವೆ. ಶಾಸ್ತ್ರಗಳೇ ಇಲ್ಲದ ಮದುವೆಗೆ ಪುಸ್ತಿಕೆ ಬೇಕಾ ಅಂತ ಮನೆಯವರು ಕೇಳುತ್ತಾರೆ.
— ಓದುಗ, ಚಿಕ್ಕಮಗಳೂರು

ಉತ್ತರ: ನಿಮಗೇ ಜಾಸ್ತಿ ಬೇಕು. ಕುವೆಂಪು ಅವರು ರೂಪಿಸಿದ ಈ ಕ್ರಮದಲ್ಲಿ ಹೋಮ, ಓಲಗದ ಗದ್ದಲ ಇಲ್ಲ, ಮಾತೇ ಮದುವೆ. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯೂ ಹೀಗೇ ಸರಳವಾಗಿ ನಡೆದದ್ದು. ನೀವಿಬ್ಬರೂ ಓದುವ ಪ್ರತಿಜ್ಞೆ ಬಂದವರ ಕೈಯಲ್ಲೂ ಇದ್ದರೆ ಅವರೂ ಮನಸ್ಸಿನಲ್ಲೇ ಜೊತೆಗೆ ಓದುತ್ತಾರೆ. ನೀವು ಓದುವ ಪ್ರತಿಯ ಅಕ್ಷರ 16 ಪಾಯಿಂಟ್ ಇರಲಿ, ಆ ಹೊತ್ತಿಗೆ ಕೈ ನಡುಗುತ್ತೆ. ಕೊನೆಯ ಪುಟವನ್ನು ಖಾಲಿ ಬಿಡಿ. ಬಂದವರು ಅದರಲ್ಲಿ ಎರಡು ಮಾತು ಬರೆದುಕೊಡಲಿ.

ಪ್ರಶ್ನೆ: ಮುಖಪುಟದ ಮೇಲೆ ಹಸೆ ಚಿತ್ತಾರ ಬಿಡಿಸಬೇಕು ಅಂತಿದ್ದೇನೆ. 120 ಪುಸ್ತಿಕೆ. ಬಿಳಿ ಬಣ್ಣ ಕಾಗದದ ಮೇಲೆ ನಿಲ್ಲುತ್ತಿಲ್ಲ, ಉದುರುತ್ತೆ.
— ಓದುಗಿ, ಸಾಗರ

ಉತ್ತರ: ನಿಮ್ಮೂರಿನವರೇ ಹಸೆಯನ್ನು ಕೇಳಿದ್ದು ನನಗೆ ಖುಷಿ. ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಅಂತಲೇ ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಚಿತ್ತಾರ ಅದು. ಮದುವೆಯ ಪುಸ್ತಿಕೆಗೆ ಅದಕ್ಕಿಂತ ಸರಿಯಾದದ್ದು ಇನ್ನೇನಿದೆ?

ನೀವು ಅಕ್ಕಿ ಹಿಟ್ಟನ್ನೇ ಬಳಸಿದ್ದೀರಿ ಅಂತ ಕಾಣುತ್ತೆ. ಗೋಡೆ ಅಲ್ಲಾಡುವುದಿಲ್ಲ, ಅಲ್ಲಿ ಅದು ನಿಲ್ಲುತ್ತೆ. ಕಾಗದ ಬಾಗುತ್ತೆ, ಬಾಗಿದಾಗ ಒಣಗಿದ ಹಿಟ್ಟು ಬಿರಿದು ಉದುರುತ್ತೆ. ಬಿಳಿ ಪೋಸ್ಟರ್ ಕಲರಿಗೆ ನಾಲ್ಕು ಹನಿ ಫೆವಿಕಾಲ್ ಕಲಸಿ. ಬ್ರಷ್ ಮಾತ್ರ ಪುಂಡಿ ನಾರಿನದೇ ಇರಲಿ. ಆ ಗೆರೆಯ ಜೀವ ಅಂಗಡಿ ಬ್ರಷ್‌ನಲ್ಲಿ ಬರುವುದಿಲ್ಲ. ಹೊದಿಕೆಗೆ ಇಟ್ಟಿಗೆ ಕೆಂಪು ಕಾಗದ ತನ್ನಿ. ಮಡಿಕೆಯ ಮೇಲೆ ಗೆರೆ ಹಾಯಿಸಬೇಡಿ, ಎರಡು ಬೆರಳು ಬಿಟ್ಟು ಶುರು ಮಾಡಿ.

120ಕ್ಕೂ ಪೂರ್ತಿ ಹಸೆ ಬಿಡಿಸಲು ಹೋಗಬೇಡಿ, ಬೆನ್ನು ಹೋಗುತ್ತೆ. ಅಂಚಿನ ಎಳೆಗಳಷ್ಟನ್ನು ಎಲ್ಲದರ ಮೇಲೂ ಎಳೆಯಿರಿ. ಪೂರ್ತಿ ಚಿತ್ತಾರ ಎರಡೇ ಪ್ರತಿಗೆ, ಒಂದು ಹುಡುಗಿಯ ಮನೆಗೆ, ಒಂದು ಹುಡುಗನ ಮನೆಗೆ. ನಿಮ್ಮ ಕೇರಿಯಲ್ಲಿ ಹಸೆ ಬರೆಯುವ ಅಜ್ಜಿ ಇದ್ದರೆ ಆ ಎರಡನ್ನು ಅವರ ಕೈಯಲ್ಲೇ ಬರೆಸಿ. ಎಲೆ ಅಡಿಕೆಯ ಜೊತೆ ಸೀರೆಯನ್ನೋ ರವಿಕೆ ಕಣವನ್ನೋ ಇಟ್ಟು ಕೊಡಿ. ಒಳಗಿನ ಪುಟದಲ್ಲಿ 'ಹಸೆ ಬರೆದವರು' ಅಂತ ಅವರ ಹೆಸರು ಹಾಕಲು ಮರೆಯಬೇಡಿ.