ಗೋಕರ್ಣದ ಟೆಂಟಿನಲ್ಲಿ ಅಪ್ಪನ ಸಿಪ್ಯಾಪ್

ಗೋಕರ್ಣದಲ್ಲಿ ಎರಡು ರಾತ್ರಿ ಟೆಂಟು, ಅಪ್ಪನ ಸಿಪ್ಯಾಪಿಗೆ (ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕಿನಿಂದ ಗಾಳಿ ಒತ್ತುವ ಯಂತ್ರ) ಎಷ್ಟು ದೊಡ್ಡ ಬ್ಯಾಟರಿ ಬೇಕು ಅಂತ ಕೇಳಿದ್ದೀರಿ. ಮೊದಲು ಹ್ಯೂಮಿಡಿಫೈಯರ್, ಅಂದರೆ ಆ ಗಾಳಿಗೆ ತೇವ ಸೇರಿಸುವ ಭಾಗ, ಬಂದ್ ಮಾಡಿ. ಜಾಸ್ತಿ ಕರೆಂಟ್ ತಿನ್ನೋದು ಅದರಲ್ಲಿ ನೀರು ಬಿಸಿ ಮಾಡುವ ತಟ್ಟೆಯೇ. ನಮ್ಮ ಕರಾವಳಿ ಗಾಳಿಯಲ್ಲಿ ತೇವಕ್ಕೇನು ಬರ, ಅಲ್ವಾ? ಆದರೂ ಅಪ್ಪನ ಡಾಕ್ಟರನ್ನು ಒಂದು ಮಾತು ಕೇಳಿಬಿಡಿ.

ಅದಿಲ್ಲದೆ 30 ವ್ಯಾಟ್ ಅಂತ ಹಿಡಿಯಿರಿ. 8 ಗಂಟೆಗೆ 240 ವ್ಯಾಟ್-ಅವರ್, ಎರಡು ರಾತ್ರಿಗೆ 480. 12 ವೋಲ್ಟಿನ 50 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ (12 × 50, ಅಂದರೆ 600 ವ್ಯಾಟ್-ಅವರ್) ಸಾಕು. ಇನ್ವರ್ಟರ್ ಬೇಡ, ಅದರಲ್ಲಿ ಸುಮ್ನೆ ಕರೆಂಟ್ ಪೋಲು. ಬ್ಯಾಟರಿಗೆ ನೇರ ಜೋಡಿಸುವ, ಯಂತ್ರದ್ದೇ ಡಿಸಿ ಅಡಾಪ್ಟರ್ ತಗೊಳ್ಳಿ. ಕೆಲವು ಯಂತ್ರಕ್ಕೆ 24 ವೋಲ್ಟ್ ಬೇಕು, ಆಗ 12 ವೋಲ್ಟನ್ನು 24ಕ್ಕೆ ಏರಿಸುವ ಅಡಾಪ್ಟರೇ ಆಗಬೇಕು; ಹಿಂಬದಿಯ ಚೀಟಿ ನೋಡಿ.

ಯಂತ್ರವನ್ನು ಮರಳಿನ ಮೇಲೆ ಇಡಲೇಬೇಡಿ, ಗಾಳಿ ಜೊತೆ ಮರಳನ್ನೂ ಎಳೆಯುತ್ತದೆ. ನಾನು ಬಕೆಟ್ ಕವುಚಿ ಅದರ ಮೇಲಿಡುತ್ತೇನೆ. ಹೊರಡುವ ಮೊದಲು ಮನೆಯಲ್ಲೇ ಒಂದು ರಾತ್ರಿ ಬ್ಯಾಟರಿಯಲ್ಲಿ ಓಡಿಸಿ ನೋಡಿ.